ಎರೆಮಣ್ಣಿನ ಊರಲ್ಲಿ ಗಿಡ್ಡ ಇಕ್ಸೋರಾ

ದಾವಣಗೆರೆಯ ಅಂಗಳಗಳಲ್ಲಿ ಗಿಡ್ಡ ಇಕ್ಸೋರಾ ಹಳದಿ ಬಿದ್ದು ಸೊರಗುವುದಕ್ಕೆ ಹೆಚ್ಚಿನ ಸಲ ಕಾರಣ ಗೊಬ್ಬರದ ಕೊರತೆಯಲ್ಲ, ಸುಣ್ಣ. ಕರಾವಳಿಯ ಕೇಪಳದ ಬಳಗದ ಗಿಡ ಇದು, ಹುಳಿಮಣ್ಣು ಬೇಡುತ್ತದೆ: ಪಿಎಚ್ 5.5ರಿಂದ 6.5. ನಮ್ಮ ಎರೆಮಣ್ಣು 8ರ ಆಸುಪಾಸು, ಅಂದರೆ ಸುಣ್ಣ ತುಂಬಿದ ಕ್ಷಾರ ಮಣ್ಣು, ಬೋರ್ ನೀರು ಗಡಸು. ಅಂಥ ಕಡೆ ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರು ಉಳಿದರೆ ಇದೇ ಎಂದು ತಿಳಿಯಿರಿ. ಮೊದಲು ಕೆಳಗಿನ ಹಳೇ ಎಲೆ ಹಳದಿಯಾದರೆ ಅದು ಹೆಚ್ಚಾಗಿ ಸಾರಜನಕದ ಕೊರತೆ.

ಎರೆಮಣ್ಣಲ್ಲಿ ಗುಂಡಿ ತೋಡಿ ಕೆಮ್ಮಣ್ಣು ತುಂಬಿದರೆ ಮಳೆಗಾಲಕ್ಕೆ ಅದು ನೀರಿನ ಬಾನಿಯಾಗುತ್ತದೆ, ಬೇರು ಕೊಳೆಯುತ್ತದೆ. ಹಾಗಾಗಿ ನಾನು ಒಂದಡಿ ಎತ್ತರದ ಮಡಿ ಕಟ್ಟಿಯೇ ನೆಡುವುದು. ಕೆಮ್ಮಣ್ಣು 2 ಪಾಲು, ಕಳಿತ ಕೊಟ್ಟಿಗೆ ಗೊಬ್ಬರ 1, ತೊಳೆದ ಕೋಕೋಪಿಟ್ 1, ಮರಳು ಅರ್ಧ ಪಾಲು. ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೆಮ್ಮಣ್ಣನ್ನೂ ಕಣ್ಣುಮುಚ್ಚಿ ನಂಬಬೇಡಿ. ಒಂದು ಚಮಚ ಒಣಮಣ್ಣಿಗೆ ವಿನೆಗರ್ ಹನಿಸಿ, ಬುರುಬುರು ನೊರೆ ಬಂದರೆ ಸುಣ್ಣವಿದೆ, ಆ ಲೋಡ್ ಬೇಡ. ಸಿಮೆಂಟ್ ಕಾಂಪೌಂಡಿನಿಂದ ಎರಡಡಿ ದೂರವಿರಲಿ. ಗೋಡೆಯ ಬುಡದಲ್ಲಿ ಗಾರೆಯ ಸುಣ್ಣ ಇಳಿಯುತ್ತಲೇ ಇರುತ್ತದೆ.

ಜೂನ್-ಜುಲೈನಲ್ಲಿ ನೆಡುತ್ತೇನೆ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ನರ್ಸರಿ ಗಿಡದ ಬೇರಿನ ಸುತ್ತ ಅಂಟುಮಣ್ಣಿನ ಗಟ್ಟಿ ಉಂಡೆ ಇದ್ದರೆ ಅರ್ಧ ಗಂಟೆ ನೀರಲ್ಲಿ ನೆನೆಸಿ ಹೊರಗಿನ ಮಣ್ಣು ಬಿಡಿಸಬೇಕು. ಬಿಡಿಸದಿದ್ದರೆ ಮಡಿ ಒದ್ದೆಯಿದ್ದರೂ ಉಂಡೆ ಒಣಗಿಯೇ ಇರುತ್ತದೆ.

ತಾರಸಿಯ ಮಳೆನೀರು ಡ್ರಮ್ಮಿನಲ್ಲಿ ಇರುವಷ್ಟು ದಿನ ಅದೇ ಸಾಕು. ಬೋರ್ ನೀರೇ ಗತಿಯಾದಾಗ 10 ಲೀಟರಿಗೆ ಅರ್ಧ ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕದಡಿ ಹಾಕುತ್ತೇನೆ.

ಹಳದಿ ಬಂದೇಬಿಟ್ಟರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಕರಗಿಸಿಟ್ಟದ್ದು ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿ. ಗೋಡೆಗೆ, ಗ್ರಾನೈಟಿಗೆ ತಾಗಿದರೆ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ಅನ್ನಭೇದಿಯನ್ನು ಬುಡಕ್ಕೆ ಸುರಿಯುವುದು ದುಡ್ಡು ದಂಡ, ಸುಣ್ಣದ ಮಣ್ಣಲ್ಲಿ ಬೇಗ ಗಟ್ಟಿಕಟ್ಟಿ ನಿರುಪಯೋಗಿಯಾಗುತ್ತದೆ. ಬುಡಕ್ಕೇ ಕೊಡಬೇಕಿದ್ದರೆ ಸುಣ್ಣದ ಮಣ್ಣಲ್ಲೂ ಗಟ್ಟಿಕಟ್ಟದ ಇಡಿಡಿಎಚ್‌ಎ ಕಬ್ಬಿಣ, ಗಿಡಕ್ಕೆ 5 ಗ್ರಾಂ, ನೀರಲ್ಲಿ ಕದಡಿ. ದುಬಾರಿ, ಆದರೆ ಕ್ಷಾರ ಮಣ್ಣಲ್ಲೂ ಕೆಲಸ ಮಾಡುತ್ತದೆ. ಅಗ್ಗದ ಇಡಿಟಿಎ ಕಬ್ಬಿಣ ಕ್ಷಾರದಲ್ಲಿ ಅಷ್ಟು ತಾಳುವುದಿಲ್ಲ.

ಹೊದಿಕೆಗೆ ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆ ಎರಡಿಂಚು, ಕಾಂಡಕ್ಕೆ ತಾಗದಂತೆ. ಮಂಡಕ್ಕಿ ಭಟ್ಟಿಯ ಬೂದಿ ಪುಕ್ಕಟೆ ಸಿಗುತ್ತದೆಂದು ಸುರಿಯಬೇಡಿ, ಅದೂ ಕ್ಷಾರವೇ.

ಹೂವು ಬರುವುದು ಚಿಗುರಿನ ತುದಿಯಲ್ಲಿ. ತಿಂಗಳಿಗೊಮ್ಮೆ ಕತ್ತರಿಯಿಂದ ಚೌಕ ಮಾಡುವವರ ಬೇಲಿ ಹಸಿರಾಗಿರುತ್ತದೆ, ಹೂವಿರುವುದಿಲ್ಲ. ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಒಂದು ಜೋಡಿ ಎಲೆಯವರೆಗೆ ಕತ್ತರಿಸಿದರೆ ಸಾಕು. ಎಲೆ ಮೇಲೆ ಕಪ್ಪು ಮಸಿ, ಕಾಂಡದಲ್ಲಿ ಇರುವೆ ಸಾಲು ಕಂಡರೆ ಎಲೆಯಡಿ ರಸ ಹೀರುವ ಶಲ್ಕ ಕೀಟ ಅಥವಾ ಸಸ್ಯಹೇನು ಇದೆಯೇ ನೋಡಿ. ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಎಲೆಯ ಕೆಳಬದಿಗೆ ಹೊಡೆಯಿರಿ, ಬಿಸಿಲಿಳಿದ ಮೇಲೆ.