ಹತ್ತಿ ಕೂರುವ ಪುಟಾಣಿ ರೈಲಿನ ಹಳಿ: ಕರಾವಳಿಯ ಮಳೆಗೆ ತಕ್ಕ ಆರೈಕೆ

ಮಕ್ಕಳೂ ದೊಡ್ಡವರೂ ಮೇಲೆ ಹತ್ತಿ ಕುಳಿತು ಸವಾರಿ ಮಾಡಬಲ್ಲ ಪುಟಾಣಿ ರೈಲುಗಳಿಗೆ ಹಲವು ದೇಶಗಳಲ್ಲಿ ಏಳೂಕಾಲು ಇಂಚಿನ, ಎಂದರೆ 184 ಮಿ.ಮೀ. ಗೇಜಿನ (ಎರಡು ಹಳಿಗಳ ನಡುವಿನ ಅಂತರದ) ಹಳಿಯನ್ನು ಬಳಸುತ್ತಾರೆ. ಬ್ರಹ್ಮಾವರದ ಬಳಿ ನಮ್ಮ ತೆಂಗಿನ ತೋಟದಲ್ಲಿರುವ ಸುಮಾರು 200 ಮೀಟರ್ ಉದ್ದದ ಹಳಿಯೂ ಇದೇ ಅಳತೆಯದು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ನಮ್ಮ ಜಿಲ್ಲೆಯಲ್ಲಿ, ನೀರಿಗೆ ದಾರಿ ಮಾಡಿಕೊಡದೆ ಗೇಜನ್ನೂ ಮಟ್ಟವನ್ನೂ ಸರಿಪಡಿಸಲು ಹೊರಟರೆ ಆ ಕೆಲಸ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಆದ್ದರಿಂದ ಮೇ ತಿಂಗಳ ಮೊದಲ ಕೆಲಸವೆಂದರೆ ಕಣಿ (ನೀರು ಹರಿದುಹೋಗುವ ಕಾಲುವೆ) ಬಿಡಿಸುವುದು. ಹಳಿಗಳ ಕೆಳಗೆ ಅಡ್ಡಲಾಗಿ ಹಾಸುವ ಸ್ಲೀಪರಿನ ತುದಿಯಿಂದ ಒಂದಡಿ ದೂರದಲ್ಲಿ, ಜಲ್ಲಿಯ ತಳಕ್ಕಿಂತ ಕೆಳಗಿಳಿಯುವಷ್ಟು ಆಳವಾಗಿ ಕಣಿಯಿರಬೇಕು. ಅಡಿಕೆ ತೋಟದಲ್ಲಿ ಕಣಿ ತೆಗೆದು ಗೊತ್ತಿರುವ ಕೆಲಸದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಕಣಿ ಸಾಕಷ್ಟಿದೆಯೇ ಎಂಬುದು ಒಣ ನೆಲವನ್ನು ನೋಡಿದರೆ ತಿಳಿಯುವುದಿಲ್ಲ. ಜೂನ್‌ನ ಮೊದಲ ಜಡಿಮಳೆಯಲ್ಲೇ ಕೊಡೆ ಹಿಡಿದು ಹಳಿಯ ಉದ್ದಕ್ಕೂ ನಡೆಯಬೇಕು, ನೀರು ನಿಂತಲ್ಲಿ ಮತ್ತು ಹಳಿಯನ್ನು ಅಡ್ಡದಾಟಿ ಹರಿದಲ್ಲಿ ಒಂದೊಂದು ಕೋಲು ನೆಡಬೇಕು. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿಯಿದೆ, ಹಳಿಯ ಮೇಲೆ ಹಗಲಿರುಳು ಗಸ್ತು ನಡೆಯುತ್ತದೆ. ನಮ್ಮ ಚಿಕ್ಕ ಹಳಿಗೂ ಅಂಥ ನಡಿಗೆಯೇ ಬೇಕು. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈಲನ್ನು ಓಡಿಸುವುದಿಲ್ಲ, ಆದರೆ ವಾರಕ್ಕೆರಡು ಬಾರಿ ನಡೆಯುವುದನ್ನು ಬಿಟ್ಟಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರದ ಭಯ ಇರುವುದರಿಂದ ನಿಂತ ನೀರಿಗೆ ಬರಿಗಾಲಿನಲ್ಲಿ ಇಳಿಯದೆ ಗಂಬೂಟು ಹಾಕಿಕೊಳ್ಳಬೇಕು.

ಜಲ್ಲಿಯ ವಿಷಯದಲ್ಲಿ ನಾನು ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಮನೆಯ ಹಿಂದೆಯೇ ಬಿದ್ದಿದ್ದ ಮುರಕಲ್ಲಿನ ಚೂರುಗಳನ್ನು ಹಾಸಿದ್ದೆ. ಅವು ಎರಡೇ ತಿಂಗಳ ಮಳೆಗೆ ಪುಡಿಯಾಗಿ ಕೆಂಪು ಕೆಸರಾದವು, ಸ್ಲೀಪರುಗಳು ಆ ಕೆಸರಿನಲ್ಲಿ ಒಂದೊಂದು ಒಂದೊಂದು ಆಳಕ್ಕೆ ಕುಸಿದವು. ಕರಿಕಲ್ಲಿನ, ಮೂಲೆಗಳು ಚೂಪಾಗಿರುವ 10ರಿಂದ 12 ಮಿ.ಮೀ. ಗಾತ್ರದ ಬೇಬಿ ಜಲ್ಲಿಯೇ ಈ ಕೆಲಸಕ್ಕೆ ಸರಿ, ಏಕೆಂದರೆ ಅದರ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಸ್ಲೀಪರನ್ನು ಹಿಡಿದು ನಿಲ್ಲಿಸುತ್ತವೆ; ಹೊಳೆಯ ದುಂಡುಕಲ್ಲು ಎಷ್ಟು ಗಟ್ಟಿಯಿದ್ದರೂ ಭಾರ ಬಿದ್ದೊಡನೆ ಜಾರುತ್ತದೆ. ಸ್ಲೀಪರಿನ ಕೆಳಗೆ 75ರಿಂದ 100 ಮಿ.ಮೀ. ದಪ್ಪ ಜಲ್ಲಿಯಿರಲಿ. ಅದಕ್ಕೂ ಮಣ್ಣಿಗೂ ನಡುವೆ ನೀರು ಇಳಿಯಬಲ್ಲ, ಆದರೆ ಮಣ್ಣು ಮೇಲೇರದ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಬೇಕು. ಜಲ್ಲಿಯ ಮೇಲ್ಮೈಯಲ್ಲಿ ಎಲ್ಲಿಯಾದರೂ ಕೆಂಪು ಕೆಸರು ಕಂಡರೆ, ಆ ಒಂದೆರಡು ಮೀಟರಿನಷ್ಟು ಜಲ್ಲಿಯನ್ನು ಹೊರತೆಗೆದು, ಜರಡಿ ಹಿಡಿದು, ತೊಳೆದು ಮತ್ತೆ ತುಂಬುವುದಲ್ಲದೆ ಬೇರೆ ಉಪಾಯವಿಲ್ಲ. ಮೇಲಿನಿಂದ ಹೊಸ ಜಲ್ಲಿ ಸುರಿದರೆ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

ಇನ್ನು ಮಟ್ಟದ ಮಾತು. ಹೆಚ್ಚು ಗಮನವನ್ನು ಬೇಡುವುದು ಇದೇ. ಎರಡು ಹಳಿಗಳ ನಡುವೆ 2 ಮಿ.ಮೀ. ಎತ್ತರದ ವ್ಯತ್ಯಾಸ ಅಲ್ಪವೆಂದು ತೋರಬಹುದು, ಆದರೆ 1,676 ಮಿ.ಮೀ. ಗೇಜಿನ ನಮ್ಮ ಬ್ರಾಡ್‌ಗೇಜ್ ಹಳಿಯಲ್ಲಿ ಅಷ್ಟೇ ಓರೆ ಆಗಬೇಕಾದರೆ ಸುಮಾರು 18 ಮಿ.ಮೀ. ವ್ಯತ್ಯಾಸ ಬೇಕು. ಅದೂ ಅಲ್ಲದೆ ನಮ್ಮ ಗಾಡಿಯಲ್ಲಿ ಭಾರವೆಲ್ಲ ಮೇಲೆಯೇ ಇರುತ್ತದೆ: ಒಂದು ಗೇಣಿಗಿಂತಲೂ ಕಿರಿದಾದ ಹಳಿಯ ಮೇಲೆ ಕುಳಿತ ದೊಡ್ಡವರೊಬ್ಬರು ಗಾಡಿಗಿಂತ ಹೆಚ್ಚು ತೂಗುತ್ತಾರೆ, ಮಾತಾಡುತ್ತ ಪಕ್ಕಕ್ಕೆ ವಾಲುತ್ತಾರೆ ಕೂಡ. ಹಳಿ ಉದ್ದಕ್ಕೂ ಒಂದೇ ಬದಿಗೆ ತುಸು ವಾಲಿದ್ದರೆ ಅಪಾಯ ಕಡಿಮೆ. ಅರ್ಧ ಮೀಟರ್ ದೂರದಲ್ಲಿ ಎಡಕ್ಕೆ ವಾಲಿದ್ದು ಬಲಕ್ಕೆ ತಿರುಗಿದರೆ, ಆ ತಿರುಚಿನ ಮೇಲೆ ಬೋಗಿಯ ನಾಲ್ಕು ಚಕ್ರಗಳಲ್ಲಿ ಒಂದು ಗಾಳಿಯಲ್ಲಿ ನಿಂತು ಹಳಿ ತಪ್ಪುತ್ತದೆ.

ಇದನ್ನು ಹಿಡಿಯಲು ದುಬಾರಿ ಸಲಕರಣೆ ಬೇಡ. ಗೇಜಿನ ಅಳತೆಗೆ ಕತ್ತರಿಸಿದ ಅಲ್ಯೂಮಿನಿಯಮ್ ಪಟ್ಟಿಯ ಮೇಲೆ ಒಂದು ಚಿಕ್ಕ ರಸಮಟ್ಟವನ್ನು ಕೂರಿಸಿಕೊಂಡು ಪ್ರತಿ ಅರ್ಧ ಮೀಟರಿಗೆ ಇಟ್ಟು ನೋಡಿ, ತಗ್ಗಿದ ಬದಿಯ ಸ್ಲೀಪರಿನ ಮೇಲೆ ಸೀಮೆಸುಣ್ಣದಿಂದ ಮಿಲಿಮೀಟರ್ ಬರೆಯುತ್ತ ಹೋಗಬೇಕು. ಒಂದು ಗುರುತಿನಿಂದ ಮುಂದಿನದಕ್ಕೆ 2 ಮಿ.ಮೀ.ಗಿಂತ ಹೆಚ್ಚು ಬದಲಾವಣೆ ಕಂಡರೆ ಸರಿಪಡಿಸದೆ ಗಾಡಿ ಓಡಿಸಬಾರದೆಂಬುದು ನಮ್ಮ ತೋಟದ ನಿಯಮ. ಸರಿಪಡಿಸುವಾಗ ಹಳಿಯ ಕೆಳಗೆ ಸಣ್ಣ ಸಬ್ಬಲ್ ಕೊಟ್ಟು ಬೇಕಾದಷ್ಟೇ, ಹೆಚ್ಚೆಂದರೆ ಒಂದು ಮಿ.ಮೀ. ಹೆಚ್ಚಾಗಿ ಎತ್ತಬೇಕು. ಇಬ್ಬರು ಸ್ಲೀಪರಿನ ಎರಡೂ ಪಕ್ಕದಿಂದ ಏಕಕಾಲಕ್ಕೆ, ತುದಿ ಚಪ್ಪಟೆಯಾದ ಸಲಾಕೆಯಿಂದ ಹಳಿಯ ನೇರ ಕೆಳಗೆ ಜಲ್ಲಿಯನ್ನು ತುರುಕಬೇಕು. ಸ್ಲೀಪರಿನ ನಡುಭಾಗವನ್ನು ಗಟ್ಟಿ ಮಾಡಬಾರದು. ಅಲ್ಲಿ ಗಟ್ಟಿಯಾದರೆ ಸ್ಲೀಪರು ತಕ್ಕಡಿಯ ದಂಡದಂತೆ ಎರಡೂ ಕಡೆ ತೂಗತೊಡಗುತ್ತದೆ.

ತಿರುವಿನಲ್ಲಿ ಹೊರಹಳಿಯನ್ನು ಎಷ್ಟು ಎತ್ತರಿಸಬೇಕೆಂದು ಹಲವರು ಕೇಳುತ್ತಾರೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 8 ಕಿ.ಮೀ. ವೇಗಕ್ಕೆ ಲೆಕ್ಕದ ಪ್ರಕಾರ ಸುಮಾರು 6 ಮಿ.ಮೀ. ಬೇಕು. ಆದರೆ ರೈಲು ಅಲ್ಲೇ ನಿಲ್ಲಬೇಕಾಗಿ ಬಂದರೆ ಒಳಕ್ಕೆ ವಾಲಬಾರದೆಂದು ನಾನು ಮೂರಕ್ಕೇ ನಿಲ್ಲಿಸಿದ್ದೇನೆ, ಆ ಮೂರನ್ನೂ ತಿರುವಿಗೆ ಮೊದಲು ಮೂರು ಮೀಟರ್ ಉದ್ದಕ್ಕೆ ಹಂಚಿ ಏರಿಸಿದ್ದೇನೆ. ಗೇಜನ್ನು ನೇರ ಹಳಿಯಲ್ಲಿ 184 ಮಿ.ಮೀ. ಇಟ್ಟು, ಬಿಗಿಯಾದ ತಿರುವಿನಲ್ಲಿ ಎರಡು–ಮೂರು ಮಿ.ಮೀ. ಅಗಲಿಸಿದರೆ ಚಕ್ರಗಳು ಉಜ್ಜದೆ ಸಾಗುತ್ತವೆ.

ಬಿಸಿಲಿಗೂ ಲೆಕ್ಕವಿದೆ. ಡಿಸೆಂಬರಿನ ಮುಂಜಾನೆಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ಹಳಿಯ ಉಷ್ಣತೆಯಲ್ಲಿ 35 ಡಿಗ್ರಿ ವ್ಯತ್ಯಾಸವೆಂದಿಟ್ಟುಕೊಂಡರೆ, ಮೂರು ಮೀಟರಿನ ಅಲ್ಯೂಮಿನಿಯಮ್ ಹಳಿ ಸುಮಾರು 2.4 ಮಿ.ಮೀ., ಉಕ್ಕಿನ ಹಳಿ 1.3 ಮಿ.ಮೀ. ಹಿಗ್ಗುತ್ತದೆ. ಚಳಿಯ ಬೆಳಗಿನಲ್ಲಿ ಜೋಡಿಸುವುದಾದರೆ ಅಷ್ಟೂ ಸಂದನ್ನು ಬಿಡಬೇಕು. ಸುಡುವ ಮಧ್ಯಾಹ್ನದಲ್ಲಿ ಜೋಡಿಸುವುದಾದರೆ ಬಹುತೇಕ ಬಿಡಬೇಕಾಗಿಲ್ಲ. ಎರಡು ಹಳಿತುಂಡುಗಳನ್ನು ಜೋಡಿಸುವ ಪಟ್ಟಿಯಾದ ಫಿಶ್‌ಪ್ಲೇಟಿನ ತೂತುಗಳು ಉದ್ದುದ್ದವಾಗಿರಬೇಕು, ಬೋಲ್ಟುಗಳು ಹಳಿ ಜಾರಲು ಎಡೆ ಕೊಡುವಷ್ಟೇ ಬಿಗಿಯಿರಬೇಕು.

ಕಡಲ ಗಾಳಿಯ ಉಪ್ಪಿಗೆ ಸಾಧಾರಣ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಹಾಕಬೇಕು. ಸ್ಲೀಪರಿಗೆ ಮರವನ್ನೇ ಆರಿಸಿದವರು ಗೆದ್ದಲಿನ ಕಾಟವನ್ನು ಮರೆಯುವಂತಿಲ್ಲ. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ನಮ್ಮಲ್ಲಿ ಮರಕ್ಕೆ ಬಳಿಯುವುದುಂಟು, ಅದು ಚರ್ಮವನ್ನು ಸುಡುವುದರಿಂದ ಕೈಗವಸು ಅಗತ್ಯ. ನಾನು ಈಗ ಮರುಬಳಕೆಯ ಪ್ಲಾಸ್ಟಿಕ್ ಸ್ಲೀಪರುಗಳಿಗೆ ಬದಲಾಯಿಸಿದ್ದೇನೆ.

ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿನ ಸಂದಿನಲ್ಲಿ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೂ ಸರಿದಾಡುವ ಚೂಪು ಹಳಿಯಾದ ಬ್ಲೇಡು ಪೂರ್ತಿ ಮುಚ್ಚುವುದಿಲ್ಲ, ಚಕ್ರ ಆ ಬಿರುಕಿನೊಳಗೆ ನುಗ್ಗುತ್ತದೆ. ಓಡಿಸುವ ಪ್ರತಿದಿನವೂ ಹಿಡಿಸೂಡಿಯಿಂದ ಪಾಯಿಂಟನ್ನು ಗುಡಿಸಿ, ಬ್ಲೇಡು ಮುಚ್ಚಿದ ಮೇಲೆ ಅಂಚಿನಲ್ಲಿ ತೆಳುವಾದ ರಟ್ಟಿನ ಚೂರು ತೂರುತ್ತದೆಯೇ ಎಂದು ನೋಡಬೇಕು. ತೂರಿದರೆ ಮತ್ತೆ ಗುಡಿಸಬೇಕು.

ಅಕ್ಟೋಬರಿನಲ್ಲಿ ಹಳಿಯ ಮೇಲಿನ ಪಾಚಿಯನ್ನು ಉಜ್ಜಿ ತೆಗೆಯದೆ ಗಾಡಿ ಇಳಿಸಬಾರದು, ಪಾಚಿಯ ಮೇಲೆ ಬ್ರೇಕು ಹಿಡಿಯುವುದಿಲ್ಲ. ಮೊದಲ ಐದಾರು ಸುತ್ತುಗಳನ್ನು ಜನರ ಬದಲು ಮರಳಿನ ಚೀಲಗಳನ್ನು ಹೇರಿ, ನಡಿಗೆಯ ವೇಗದಲ್ಲಿ ಓಡಿಸುತ್ತೇನೆ. ಆ ಭಾರಕ್ಕೆ ಹೊಸದಾಗಿ ತುರುಕಿದ ಜಲ್ಲಿ ಒಂದಿಷ್ಟು ಕುಸಿದೇ ಕುಸಿಯುತ್ತದೆ. ರಸಮಟ್ಟದ ಪಟ್ಟಿ ಹಿಡಿದು ಮತ್ತೊಮ್ಮೆ ಉದ್ದಕ್ಕೂ ನಡೆದು, ಜೂನ್‌ನಲ್ಲಿ ಕೋಲು ನೆಟ್ಟ ಜಾಗಗಳನ್ನು ಎರಡೆರಡು ಬಾರಿ ಅಳೆದು, ತಗ್ಗಿದಲ್ಲೆಲ್ಲ ಮತ್ತೆ ಜಲ್ಲಿ ತುರುಕಿದ ಮೇಲೆಯೇ ಮಕ್ಕಳನ್ನು ಹತ್ತಿಸುತ್ತೇನೆ.