ಪಲ್ಪರ್ ಯಾಕೆ ಶುರುವಾಗ್ತಿಲ್ಲ? ಕಂಟ್ರೋಲರ್‌ನಿಂದಲೇ ಕಾರಣ ಹೇಳಿಸಿದ್ದು

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮನೆಗೆ, ಯಂತ್ರಗಳು ಯಾವಾಗ ಓಡಬಹುದು ಅಂತ ನಿರ್ಧರಿಸುವ ಕಂಟ್ರೋಲರ್ ಮಾಡಿಕೊಟ್ಟಿದ್ದೆ. ಯಂತ್ರಗಳು ಹೇಗೆ ಓಡುತ್ತವೆ, ಯಾವ ನಿಯಮ ಮೀರಬಾರದು ಅಂತ ಬರೆದುಕೊಟ್ಟರೆ ಸಾಫ್ಟ್‌ವೇರೇ ಕಂಟ್ರೋಲರ್ ತಯಾರಿಸುತ್ತದೆ. 1980ರ ದಶಕದಲ್ಲಿ ಸಂಶೋಧಕರಾದ ರಾಮಾಡ್ಜ್ ಮತ್ತು ವೊನ್‌ಹ್ಯಾಮ್ ಕಟ್ಟಿದ ಸಿದ್ಧಾಂತ ಇದು. ಹೀಗೆ ಬಂದ ಕಂಟ್ರೋಲರ್ ಎಷ್ಟು ತಡೆಯಲೇಬೇಕೋ ಅಷ್ಟನ್ನೇ ತಡೆಯುತ್ತದೆ. ನನಗೆ ಬಹಳ ಇಷ್ಟವಾದ ಗುಣ ಅದು.

ಹಾಪರ್‌ಗೆ ಸುರಿದ ಹಣ್ಣು ಪಲ್ಪರ್‌ಗೆ ಇಳಿಯುತ್ತದೆ, ಸುಲಿದ ಬೀಜ ತೊಟ್ಟಿಗೆ ಬೀಳುತ್ತದೆ, ವಾಷರ್ ಅದನ್ನು ತೆಗೆದುಕೊಂಡು ತೊಳೆಯುತ್ತದೆ. ಅರೇಬಿಕಾ ಕೊಯ್ಲಿನ ಹೊತ್ತಲ್ಲಿ ಪಲ್ಪರ್ ಬಟನ್ ಒತ್ತಿದರೂ ಶುರುವಾಗಲಿಲ್ಲ. "ತೊಟ್ಟಿ ಇನ್ನೂ ತುಂಬಿಲ್ಲ, ಮತ್ಯಾಕೆ ಬಿಡ್ತಿಲ್ಲ ಸಾರ್?" ಅಂತ ರೈಟರ್ (ಎಸ್ಟೇಟಿನ ಗುಮಾಸ್ತರು) ಕೇಳಿದರು. ಸ್ಕ್ರೀನ್ ಮೇಲೆ ಇದ್ದದ್ದು ಮಾರುದ್ದದ ಷರತ್ತು. ಅದನ್ನು ಓದಿ ಯಾರಿಗೆ ಏನು ತಿಳಿಯುತ್ತದೆ, ಅಲ್ವಾ?

ನಿಯಮಗಳನ್ನು ಒಂದೊಂದಾಗಿ ತೆಗೆದು ಮತ್ತೆ ಸಿಂಥೆಸಿಸ್ (ಅಂದರೆ ಕಂಟ್ರೋಲರ್ ತಯಾರಿಸುವ ಕೆಲಸ) ಓಡಿಸಿದೆ. 'ತೊಟ್ಟಿ ಉಕ್ಕಬಾರದು' ಅನ್ನುವುದನ್ನು ತೆಗೆದಾಗ ತಡೆ ಹೋಯಿತು. (ಎರಡು ನಿಯಮ ಬೇರೆ ಬೇರೆಯಾಗಿ ಒಂದೇ ತಡೆ ತಂದಿದ್ದರೆ ಜೋಡಿಯಾಗಿ ತೆಗೆದು ನೋಡಬೇಕು.) ಆಮೇಲೆ ಆ ನಿಯಮ ಮುರಿಯುವ ಸ್ಥಿತಿಗೆ ಹೋಗುವ ಅತಿ ಚಿಕ್ಕ ದಾರಿ ಹುಡುಕಿ, ಕನ್ನಡದಲ್ಲೇ ಸ್ಕ್ರೀನಿಗೆ ಹಾಕಿದೆ:

"ಪಲ್ಪರ್ ಶುರುವಾದರೆ ಹಾಪರ್‌ನ ಹಣ್ಣು ಮುಗಿಯುವವರೆಗೆ ನಿಲ್ಲಿಸಲು ಆಗಲ್ಲ. ತೊಟ್ಟಿಯಲ್ಲಿ ಅಷ್ಟು ಜಾಗ ಇಲ್ಲ. ವಾಷರ್ ನಿಂತಿದೆ. ತೊಟ್ಟಿ ಉಕ್ಕುತ್ತದೆ. ಮೊದಲು ವಾಷರ್ ಶುರು ಮಾಡಿ."

ಕೊನೆಯ ಸಾಲು ಬಹಳ ಮುಖ್ಯ. ಕಾರಣ ಮಾತ್ರ ಹೇಳಿದರೆ ಬಟನ್ ಮುಂದೆ ನಿಂತವರಿಗೆ ಸಾಲದು, ಏನು ಮಾಡಬೇಕು ಅಂತಲೂ ಗೊತ್ತಾಗಬೇಕು. ಕೆಲವು ತಡೆ ಬರುವುದು ನಿಯಮ ಮುರಿಯುತ್ತದೆ ಅಂತಲ್ಲ, ಕೆಲಸ ಮುಗಿಯದೆ ನಡುವೆಯೇ ಸಿಕ್ಕಿಕೊಳ್ಳುತ್ತದೆ ಅಂತ. ಅವಕ್ಕೆ ಬೇರೆ ಬಣ್ಣ ಕೊಟ್ಟಿದ್ದೇನೆ. ಈಗ ರೈಟರ್ ಸ್ಕ್ರೀನ್ ನೋಡಿ ತಾವೇ ವಾಷರ್ ಹಾಕುತ್ತಾರೆ.