ಎಡಿಸನ್‌ನಲ್ಲಿ ಮನೆ, ಮ್ಯಾನ್‌ಹ್ಯಾಟನ್‌ನಲ್ಲಿ ಕೆಲಸ: ಹೊಸದಾಗಿ ಬರುವವರಿಗೆ

ನ್ಯೂಜೆರ್ಸಿಗೆ ಬರುತ್ತೇವೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಹೆಸರು: ಎಡಿಸನ್. ಅದರಲ್ಲಿ ತಪ್ಪೇನಿಲ್ಲ. ಓಕ್ ಟ್ರೀ ರೋಡಿನಲ್ಲಿ ಸೋನಾಮಸೂರಿಯಿಂದ ನುಗ್ಗೆಕಾಯಿವರೆಗೆ ಎಲ್ಲ ಸಿಗುತ್ತದೆ. ಪುತ್ತಿಗೆ ಮಠದ ಕೃಷ್ಣ ದೇವಸ್ಥಾನ ಇದೆ. ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮ್ಯಾನ್‌ಹ್ಯಾಟನ್‌ಗೋ ಜರ್ಸಿ ಸಿಟಿಗೋ ದಿನಾ ಹೋಗಬೇಕಾದವರು ಮೊದಲು ಹುಡುಕಬೇಕಾದ್ದು ಸ್ಟೇಷನ್. ಮನೆ ಆಮೇಲೆ. ನಿಮ್ಮನ್ನು ಸುಸ್ತು ಮಾಡುವುದು ರೈಲಿನ ಒಂದು ಗಂಟೆಗಿಂತ ಜಾಸ್ತಿ, ಮನೆಯಿಂದ ಸ್ಟೇಷನ್‌ವರೆಗಿನ ಆ ಎರಡು ಮೂರು ಮೈಲಿ.

ಎಡಿಸನ್ ಬಹಳ ಹರಡಿಕೊಂಡ ಊರು. ವಿಳಾಸದಲ್ಲಿ ಎಡಿಸನ್ ಅಂತ ಇದ್ದರೂ ಎಡಿಸನ್ ಸ್ಟೇಷನ್‌ಗೆ ನಾಲ್ಕೈದು ಮೈಲಿ ಇರಬಹುದು. ನಡೆದು ಹೋಗೋಣ ಅಂದರೆ ಎಷ್ಟೋ ಕಡೆ ಫುಟ್‌ಪಾತೇ ಇಲ್ಲ. ಕಾರಿನಲ್ಲಿ ಹೋದರೆ ನಿಲ್ಲಿಸೋದೆಲ್ಲಿ? ಇದೇ ಇಲ್ಲಿನ ದೊಡ್ಡ ತಲೆನೋವು. ಸ್ಟೇಷನ್ ಪಾರ್ಕಿಂಗ್ ಬಹಳ ಕಡೆ ಪರ್ಮಿಟ್ ಮೇಲೆ ನಡೆಯುತ್ತದೆ. ಆ ಊರಿನವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ಕೆಲವು ಕಡೆ ವೇಟಿಂಗ್ ಲಿಸ್ಟ್. ಪ್ರಿನ್ಸ್‌ಟನ್ ಜಂಕ್ಷನ್‌ನ ಲಿಸ್ಟ್ ಒಂದು ಕಾಲದಲ್ಲಿ ಉದ್ದಕ್ಕೆ ಹೆಸರುವಾಸಿಯಾಗಿತ್ತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಪರ್ಮಿಟ್ ಸಿಗುತ್ತಾ ಅಂತ ಫೋನ್ ಮಾಡಿ ಕೇಳಿ. ಲಿಸ್ಟ್ ಇದ್ದರೆ ಅವತ್ತೇ ಹೆಸರು ಬರೆಸಿ.

ಈಗ ಸ್ಟೇಷನ್‌ಗಳ ವಿಷಯ. ನಮ್ಮವರು ಜಾಸ್ತಿ ಹತ್ತುವುದು ರಾಜ್ಯದ ಸಾರಿಗೆ ಸಂಸ್ಥೆ ಎನ್‌ಜೆ ಟ್ರಾನ್ಸಿಟ್‌ನ ನಾರ್ತ್‌ಈಸ್ಟ್ ಕಾರಿಡಾರ್ ಲೈನ್. ಟ್ರೆಂಟನ್‌ನಿಂದ ಹೊರಟು ಪ್ರಿನ್ಸ್‌ಟನ್ ಜಂಕ್ಷನ್, ನ್ಯೂ ಬ್ರನ್ಸ್‌ವಿಕ್, ಎಡಿಸನ್, ಮೆಟುಚೆನ್, ಮೆಟ್ರೋಪಾರ್ಕ್ ದಾಟಿ ನ್ಯೂವಾರ್ಕ್, ಸಿಕಾಕಸ್ ಮೇಲೆ ನ್ಯೂಯಾರ್ಕ್ ಪೆನ್ ಸ್ಟೇಷನ್‌ಗೆ ಹೋಗುತ್ತದೆ. ಮೆಟ್ರೋಪಾರ್ಕ್‌ನಲ್ಲಿ ದೊಡ್ಡ ಪಾರ್ಕಿಂಗ್ ಕಟ್ಟಡ ಇದೆ, ಎಕ್ಸ್‌ಪ್ರೆಸ್ ರೈಲುಗಳೂ ನಿಲ್ಲುತ್ತವೆ. ಎಡಿಸನ್‌ನಲ್ಲಿ ಎಲ್ಲ ರೈಲೂ ನಿಲ್ಲೋದಿಲ್ಲ. ನನ್ನನ್ನು ಕೇಳಿದರೆ ಮೆಟುಚೆನ್. ಸುತ್ತಲೂ ಎಡಿಸನ್, ನಡುವೆ ಈ ಪುಟ್ಟ ಊರು. ಸ್ಟೇಷನ್ ಪಕ್ಕದಲ್ಲೇ ಅಂಗಡಿ ಬೀದಿ. ಬಾಡಿಗೆ ಸ್ವಲ್ಪ ಜಾಸ್ತಿ, ಮನೆ ಸ್ವಲ್ಪ ಚಿಕ್ಕದು. ಆದರೂ ನಡೆದು ಹೋಗಿ ರೈಲು ಹತ್ತಬಹುದು ಅಂದರೆ ಕಾರು ಮನೆಯಲ್ಲೇ ಉಳಿಯುತ್ತದೆ. ಒಂದೇ ಕಾರಿನ ಸಂಸಾರಕ್ಕೆ ಇದು ಸಣ್ಣ ವಿಷಯ ಅಲ್ಲ. ನಿಮ್ಮ ಕಾರು ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಸ್ಟೇಷನ್‌ನಲ್ಲಿ ಬಿದ್ದಿದ್ದರೆ, ಮನೆಯಲ್ಲಿರುವವರು ಹಾಲು ತರೋಕೂ ನಿಮ್ಮ ದಾರಿ ಕಾಯಬೇಕು. ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದು ಮೊದಲ ಚಳಿಗಾಲ ಪೂರ್ತಿ ನಾಲ್ಕು ಗೋಡೆ ನೋಡಿಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಬ್ರಿಡ್ಜ್‌ವಾಟರ್, ಸಾಮರ್‌ವಿಲ್ ಕಡೆ ಮನೆ ನೋಡುತ್ತಿದ್ದರೆ ಅದು ರಾರಿಟನ್ ವ್ಯಾಲಿ ಲೈನ್. ಬೆಳಗಿನ ರಶ್ ಹೊತ್ತಿನಲ್ಲಿ ನ್ಯೂಯಾರ್ಕ್‌ಗೆ ನೇರ ರೈಲಿಲ್ಲ, ನ್ಯೂವಾರ್ಕ್‌ನಲ್ಲಿ ಇಳಿದು ಬದಲಾಯಿಸಬೇಕು. ಈಸ್ಟ್ ಬ್ರನ್ಸ್‌ವಿಕ್, ಓಲ್ಡ್ ಬ್ರಿಜ್ ಕಡೆಯವರಿಗೆ ಬಸ್ಸೇ ಗತಿ. ಬೆಳಗ್ಗೆ ಅದೂ ಪರವಾಗಿಲ್ಲ. ಲಿಂಕನ್ ಟನಲ್‌ಗೆ ಹೋಗುವ ದಾರಿಯಲ್ಲಿ ಬಸ್ಸಿಗೆಂದೇ ಬಿಟ್ಟ ಲೇನ್ 1970ರಿಂದ ಇದೆ. ಸಂಜೆ ವಾಪಸ್ ಬರುವಾಗ ಆ ಲೇನ್ ಇರೋದಿಲ್ಲ, ನೆನಪಿರಲಿ.

ಪೆನ್ ಸ್ಟೇಷನ್ ಎರಡಿವೆ. ಒಂದು ನ್ಯೂವಾರ್ಕ್ ಪೆನ್, ಇನ್ನೊಂದು ನ್ಯೂಯಾರ್ಕ್ ಪೆನ್. ಕಂಡಕ್ಟರ್ ಗಡಿಬಿಡಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತದೆ. ಮ್ಯಾನ್‌ಹ್ಯಾಟನ್‌ನ ಮಿಡ್‌ಟೌನ್‌ಗೆ ಹೋಗುವವರು ನ್ಯೂವಾರ್ಕ್‌ನಲ್ಲಿ ಇಳಿಯಬೇಡಿ. ವರ್ಲ್ಡ್ ಟ್ರೇಡ್ ಸೆಂಟರ್ ಅಥವಾ ಜರ್ಸಿ ಸಿಟಿ ಆಫೀಸಿನವರು ಇಳಿಯಬೇಕಾದ್ದೇ ಅಲ್ಲಿ. ಅಲ್ಲಿಂದ ಪಾತ್ (PATH, ನ್ಯೂಜೆರ್ಸಿ ಮತ್ತು ಮ್ಯಾನ್‌ಹ್ಯಾಟನ್ ನಡುವೆ ಓಡುವ ಬೇರೆ ಸಂಸ್ಥೆಯ ರೈಲು) ಹಿಡಿದರೆ ಜರ್ನಲ್ ಸ್ಕ್ವೇರ್, ಗ್ರೋವ್ ಸ್ಟ್ರೀಟ್, ಎಕ್ಸ್‌ಚೇಂಜ್ ಪ್ಲೇಸ್, ಕೊನೆಗೆ ವರ್ಲ್ಡ್ ಟ್ರೇಡ್ ಸೆಂಟರ್. ನ್ಯೂಪೋರ್ಟ್‌ನಲ್ಲಿ ಆಫೀಸಾದರೆ ಗ್ರೋವ್ ಸ್ಟ್ರೀಟ್‌ನಲ್ಲಿ ಇನ್ನೊಂದು ಪಾತ್ ಹತ್ತಬೇಕು. ಎನ್‌ಜೆ ಟ್ರಾನ್ಸಿಟ್‌ನ ರೈಲ್ವೆ ಪಾಸ್ ಪಾತ್‌ನಲ್ಲಿ ನಡೆಯೋದಿಲ್ಲ, ಅದರ ದುಡ್ಡು ಬೇರೆ. ಖರ್ಚು ಲೆಕ್ಕ ಹಾಕುವಾಗ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ರೈಲು ಹತ್ತುವ ಮೊದಲೇ ಎನ್‌ಜೆ ಟ್ರಾನ್ಸಿಟ್ ಆ್ಯಪ್‌ನಲ್ಲಿ ಟಿಕೆಟ್ ತಗೊಳ್ಳಿ. ಸ್ಟೇಷನ್‌ನಲ್ಲಿ ಮಷೀನ್ ಇದ್ದೂ ರೈಲಿನಲ್ಲಿ ಕೊಂಡರೆ 5 ಡಾಲರ್ ಜಾಸ್ತಿ ಹಾಕುತ್ತಾರೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸಾದರೆ ತಿಂಗಳ ಪಾಸ್ ಗಿಟ್ಟುತ್ತದಾ ಅಂತ ಕೂತು ಲೆಕ್ಕ ಹಾಕಿ, ಸುಮ್ನೆ ತಗೋಬೇಡಿ. ಕಂಪನಿಯ ಎಚ್‌ಆರ್ ಹತ್ತಿರ ಕಮ್ಯೂಟರ್ ಬೆನಿಫಿಟ್ ಕೇಳಿ. ತೆರಿಗೆ ಹಿಡಿಯುವ ಮೊದಲೇ ಸಂಬಳದಿಂದ ಪಾಸಿನ ದುಡ್ಡು ಎತ್ತಿಡಬಹುದು, 2025ರಲ್ಲಿ ಇದರ ಮಿತಿ ತಿಂಗಳಿಗೆ 325 ಡಾಲರ್ ಇತ್ತು. ಹಾಗೇ, ನ್ಯೂಯಾರ್ಕ್‌ನಲ್ಲಿ ದುಡಿದು ನ್ಯೂಜೆರ್ಸಿಯಲ್ಲಿ ಇರುವವರು ಎರಡೂ ರಾಜ್ಯಕ್ಕೆ ರಿಟರ್ನ್ ಹಾಕಬೇಕು. ನ್ಯೂಯಾರ್ಕ್‌ಗೆ ಕಟ್ಟಿದ್ದಕ್ಕೆ ನ್ಯೂಜೆರ್ಸಿ ಕ್ರೆಡಿಟ್ ಕೊಡುತ್ತದೆ.

ಸಂಜೆ ನ್ಯೂಯಾರ್ಕ್ ಪೆನ್‌ನಲ್ಲಿ ನಡೆಯೋದನ್ನು ಒಮ್ಮೆ ನೋಡಲೇಬೇಕು. ನೂರಾರು ಜನ ತಲೆ ಎತ್ತಿ ಬೋರ್ಡನ್ನೇ ದಿಟ್ಟಿಸುತ್ತ ನಿಂತಿರುತ್ತಾರೆ. ರೈಲು ಯಾವ ಟ್ರ್ಯಾಕಿಗೆ ಅಂತ ಹೊರಡುವ ಕೆಲವೇ ನಿಮಿಷ ಮೊದಲು ಹಾಕುತ್ತಾರೆ. ನಂಬರ್ ಬಿತ್ತೋ, ಇಡೀ ಗುಂಪು ಒಂದೇ ಕಿರಿದಾದ ಮೆಟ್ಟಿಲಿಗೆ ನುಗ್ಗುತ್ತದೆ. ಮಾದಪ್ಪನ ಜಾತ್ರೆಯಲ್ಲಿ ಬಸ್ಸು ಬಂದ ಹಾಗೆ. ಪೆನ್ ಸ್ಟೇಷನ್‌ಗೆ ಸೇರಿದ, 2021ರಲ್ಲಿ ತೆರೆದ ಮೊಯ್ನಿಹಾನ್ ಹಾಲ್ ಚೆನ್ನಾಗಿದೆ, ಗಾಜಿನ ಚಾವಣಿ, ಬೆಳಕು ಎಲ್ಲ. ಆದರೆ 1ರಿಂದ 4ನೇ ಟ್ರ್ಯಾಕಿಗೆ ಅಲ್ಲಿಂದ ಇಳಿಯಲಾಗದು, ಎನ್‌ಜೆ ಟ್ರಾನ್ಸಿಟ್ ರೈಲು ಆ ಟ್ರ್ಯಾಕುಗಳಿಗೂ ಬರುತ್ತದೆ. ಕಾಫಿ ಕುಡಿಯೋದು ಅಲ್ಲಿ, ಕಾಯೋದು ಸೆವೆಂತ್ ಅವೆನ್ಯೂ ಕಡೆಯ ಎನ್‌ಜೆ ಟ್ರಾನ್ಸಿಟ್ ಕಾನ್ಕೋರ್ಸ್‌ನಲ್ಲಿ. ರೈಲಿನಲ್ಲಿ ಕ್ವಯಟ್ ಕಾರ್ ಅಂತ ಬೋಗಿ ಇದ್ದರೆ ಊರಿಗೆ ಫೋನ್ ಹಚ್ಚಬೇಡಿ. ಭಾಷೆ ಗೊತ್ತಿಲ್ಲದಿದ್ದರೂ ಎಲ್ಲರೂ ತಿರುಗಿ ನೋಡುತ್ತಾರೆ.

ರೈಲು ಕೈ ಕೊಡುವ ದಿನಗಳೂ ಬರುತ್ತವೆ. ಹಡ್ಸನ್ ನದಿಯ ಕೆಳಗಿನ ಸುರಂಗ 1910ರದ್ದು, ಹೋಗೋಕೊಂದು ಬರೋಕೊಂದು ಹಳಿ ಅಷ್ಟೇ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಅದರೊಳಗೆ ಉಪ್ಪುನೀರು ನುಗ್ಗಿತ್ತು. ಬೇಸಿಗೆಯಲ್ಲಿ ಬಿಸಿಲಿಗೆ ಮೇಲಿನ ತಂತಿ ಜೋತುಬಿದ್ದು ತೊಂದರೆ ಕೊಡೋದೂ ಉಂಟು. ಪೆನ್ ಸ್ಟೇಷನ್‌ನಲ್ಲಿ ಎಲ್ಲ ನಿಂತುಹೋದರೆ ಅಲ್ಲೇ ಕಾಯುತ್ತ ನಿಲ್ಲಬೇಡಿ. ಸಿಕ್ಸ್ತ್ ಅವೆನ್ಯೂಗೆ ನಡೆದು 33ನೇ ಸ್ಟ್ರೀಟಿನ ಪಾತ್ ಹತ್ತಿ, ಜರ್ನಲ್ ಸ್ಕ್ವೇರ್‌ನಲ್ಲಿ ಬದಲಾಯಿಸಿ ನ್ಯೂವಾರ್ಕ್ ಸೇರಿಕೊಳ್ಳಿ. ತೊಂದರೆ ಸುರಂಗದಲ್ಲಿ ಮಾತ್ರ ಇದ್ದರೆ ಅಲ್ಲಿಂದ ಮುಂದಕ್ಕೆ ರೈಲು ಸಿಗುತ್ತದೆ. ಇಂಥ ದಿನ ಪಾತ್‌ನವರು ನಿಮ್ಮ ರೈಲ್ವೆ ಟಿಕೆಟನ್ನೇ ಒಪ್ಪಿಕೊಳ್ಳುವುದುಂಟು, ಘೋಷಣೆ ಕೇಳಿಸಿಕೊಳ್ಳಿ.

ಕಾರಿನಲ್ಲಿ ಮ್ಯಾನ್‌ಹ್ಯಾಟನ್‌ಗೆ ಹೋಗುವ ಆಸೆ ಬಿಡಿ. ಟನಲ್ ಟೋಲ್ ಮೊದಲೇ ಇತ್ತು. 2025ರ ಜನವರಿ 5ರಿಂದ 60ನೇ ಸ್ಟ್ರೀಟಿನಿಂದ ದಕ್ಷಿಣಕ್ಕೆ ಹಗಲು ಹೊತ್ತು ಕಾಲಿಟ್ಟರೆ ಇನ್ನೂ 9 ಡಾಲರ್‌ವರೆಗೆ ಕಟ್ಟಬೇಕು. ಪಾರ್ಕಿಂಗ್ ಬೇರೆ.

ಮಗು ಡೇಕೇರ್‌ಗೆ ಹೋಗುತ್ತಿದ್ದರೆ ಲೆಕ್ಕವನ್ನು ಹಿಂದಿನಿಂದ ಹಾಕಿ. ಡೇಕೇರ್ ಆರೂವರೆಗೆ ಮುಚ್ಚುತ್ತದೆ ಅಂತಿಟ್ಟುಕೊಳ್ಳಿ. ತಡವಾದರೆ ನಿಮಿಷದ ಲೆಕ್ಕದಲ್ಲಿ ದಂಡ ಹಾಕುವವರಿದ್ದಾರೆ. ಹಾಗಾದರೆ ಯಾವ ರೈಲು ಹಿಡಿಯಬೇಕು, ಅದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಅದೂ ತಡವಾದರೆ ಮಗುವನ್ನು ಯಾರು ಕರೆತರುತ್ತಾರೆ? ಡೇಕೇರ್ ಫಾರ್ಮಿನಲ್ಲಿ ಒಬ್ಬ ಪಕ್ಕದ ಮನೆಯವರ ಹೆಸರು ಬರೆಸಿಡಿ.

ಕಾಂಟ್ರಾಕ್ಟ್ ಮೇಲೆ ಬಂದವರಿಗೆ ಇನ್ನೊಂದು ಮಾತು. ಇವತ್ತು ಕ್ಲೈಂಟ್ ಮಿಡ್‌ಟೌನ್‌ನಲ್ಲಿ, ಆರು ತಿಂಗಳಿಗೆ ಪಾರ್ಸಿಪನಿಯಲ್ಲೋ ಪ್ರಿನ್ಸ್‌ಟನ್ ರೂಟ್ 1ರ ಮೇಲೋ ಇರಬಹುದು. ಅಲ್ಲಿಗೆಲ್ಲ ಕಾರೇ ಬೇಕು. ಅದಕ್ಕೇ ಮೊದಲ ವರ್ಷ ಮನೆ ಕೊಳ್ಳಬೇಡಿ. ಬಾಡಿಗೆ ಕರಾರಿನಲ್ಲಿ ಅವಧಿಗೆ ಮೊದಲೇ ಬಿಟ್ಟರೆ ಎಷ್ಟು ದಂಡ, ಎಷ್ಟು ದಿನದ ನೋಟಿಸ್ ಅಂತ ಓದಿ. ಸಹಿ ಹಾಕುವ ಮೊದಲು ಒಂದು ಮಂಗಳವಾರವೋ ಬುಧವಾರವೋ ಆ ಮನೆಯ ಬಾಗಿಲಿಂದ ಆಫೀಸಿನ ಬಾಗಿಲವರೆಗೆ ರಶ್ ಹೊತ್ತಿನಲ್ಲಿ ಹೋಗಿ, ಸಂಜೆ ರಶ್‌ನಲ್ಲೇ ವಾಪಸ್ ಬನ್ನಿ. ಭಾನುವಾರ ಹೋಗಿ ನೋಡಿದರೆ ಏನೂ ಗೊತ್ತಾಗಲ್ಲ.